ಘಾಟಿನಲ್ಲಿ ಅಕ್ಕನ ಲಾರಿ ಕಾಯುತ್ತಿತ್ತು

ನಮ್ಮ ಸಾಂಗ್ಲಿಯ ಮನೆಯಲ್ಲಿ ಜಗಳ ಮರಾಠಿಯಲ್ಲಿ, ತಪ್ಪೊಪ್ಪಿಗೆ ಕನ್ನಡದಲ್ಲಿ. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ತಪ್ಪಾಯಿತೆಂದು ಮರಾಠಿಯಲ್ಲಿ 'ಚುಕಲಂ' ಅಂದರೆ ಅವ್ವ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಮನಸಿನಿಂದ ಹೇಳವ್ವಾ" ಅನ್ನುತ್ತಿದ್ದಳು.

ಅಕ್ಕ ಮಿರಜಿನ ಸೊಸೆ. ಹೋದ ದೀಪಾವಳಿಗೆ ಅವಳ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಅವಳು ಇನ್ನೂ ಮಾತಾಡುತ್ತಿರುವಾಗಲೇ ನಾನು ಚಪ್ಪಲಿ ಮೆಟ್ಟಿ ಬಸ್ಸು ಹತ್ತಿಬಿಟ್ಟೆ. ಆಮೇಲೆ ಫೋನಿಲ್ಲ. ಉಳಿದದ್ದು ಇಬ್ಬರೂ ಕಂಪ್ಯೂಟರಿನಲ್ಲಿ ಆಡುವ ಲಾರಿ ಓಡಿಸುವ ಆಟ ಮಾತ್ರ. ಅಲ್ಲಿಯೂ ಅಕ್ಕ ಹಾರ್ನ್ ಹೊಡೆಯದೆ ಪಕ್ಕದಲ್ಲೇ ದಾಟಿ ಹೋಗುತ್ತಿದ್ದಳು.

ಒಂದು ಭಾನುವಾರ ಆಟದ ಘಾಟಿನ ಏರಿನಲ್ಲಿ ಅವಳ ಲಾರಿ ನಿಂತಿತ್ತು. ಬ್ರೇಕ್ ಒತ್ತಿ ಹಿಂದೆ ನಾನೂ ನಿಂತೆ. ಪರದೆಯ ಮೂಲೆಯಲ್ಲಿ ಅವಳ ಮರಾಠಿ ಸಾಲು ಬಂತು: "ಆತಾ ತರೀ ಬೋಲ." ಈಗಲಾದರೂ ಮಾತಾಡು.

'ತಪ್ಪಾತು' ಎಂಬ ಒಂದೇ ಪದ, ಕನ್ನಡ ಅಕ್ಷರದಲ್ಲೇ ಬರೆಯಬೇಕು. ಆಲ್ಟ್, ಶಿಫ್ಟ್ ಒತ್ತಿದೆ. ಕೀಬೋರ್ಡು ಕನ್ನಡಕ್ಕೆ ತಿರುಗಲಿಲ್ಲ. ಕೆಳಗಿನ ಪಟ್ಟಿಯಿಂದ ಭಾಷೆ ಬದಲಿಸೋಣವೆಂದರೆ ಆಟ ಪೂರ್ತಿ ಪರದೆ ನುಂಗಿತ್ತು. ಮೌಸ್ ಎಷ್ಟು ಜಗ್ಗಿದರೂ ಬಾಣದ ಗುರುತು ಕಾಣಲಿಲ್ಲ. ಆಟದೊಳಗಿನ ಡ್ರೈವರನ ಕತ್ತಷ್ಟೇ ಆ ಕಡೆ ಈ ಕಡೆ ತಿರುಗಿತು. ಬಾಣ ಪಕ್ಕದಲ್ಲಿಟ್ಟ ಎರಡನೆಯ ಪರದೆಗೆ ಜಾರುತ್ತದೆಂದು ಹಿಂದಿನ ದಿನ ಸೆಟ್ಟಿಂಗಿನಲ್ಲಿ ಅದನ್ನು ಆಟದೊಳಗೇ ಕಟ್ಟಿಹಾಕಿದವಳು ನಾನೇ. ಮಾಡಿದ್ದುಣ್ಣೋ ಮಹಾರಾಯ.

"ಆಹೇಸ ಕಾ?" ಇದ್ದೀಯೇನು? ಅಕ್ಕನ ಎರಡನೆಯ ಸಾಲು.

ಆಲ್ಟ್, ಟ್ಯಾಬ್ ಒತ್ತಿದೆ. ಆಟ ಕುಗ್ಗಿ ಕೆಳಗೆ ಹೋಯಿತು. ಭಾಷೆ ಬದಲಿಸಿ ಮರಳಿ ಕ್ಲಿಕ್ ಮಾಡಿದರೆ ಪರದೆಯೆಲ್ಲ ಕಪ್ಪು. ಬಾಯಿಗೆ ಬಂದ ಹಾಗೆ ಬೈದೆ. ಕೊನೆಗೆ ಬೆಳಕು ಬಂದಾಗ ನನ್ನ ಲಾರಿ ರಸ್ತೆಯಲ್ಲಿರಲಿಲ್ಲ. ಆತುರಕ್ಕೆ ಬ್ರೇಕಿನ ಕೀ ಬಿಟ್ಟಿದ್ದೆ. ಅದು ಹಿಂದಕ್ಕೆ ಉರುಳಿ ಹಳ್ಳಕ್ಕೆ ಬಿದ್ದಿತ್ತು. ಅಕ್ಕನ ಕಣ್ಣಿಗೆ ನಾನು ಮತ್ತೊಮ್ಮೆ ಅರ್ಧ ಮಾತಿಗೆ ಎದ್ದುಹೋದವಳು.

ಆಗಲೇ ಫೋನ್ ಬಂತು.

"ಪರತ ಪಳಾಲೀಸ?" ಮತ್ತೆ ಓಡಿದೆಯಾ ಎಂದು ಅಕ್ಕ ಮರಾಠಿಯಲ್ಲೇ ಗುಡುಗಿದಳು. ಅಂದರೆ ಜಗಳ ಇನ್ನೂ ಮುಗಿದಿರಲಿಲ್ಲ. ಮೌಸು, ಪರದೆ, ಕೀಬೋರ್ಡು ಎಂದು ಹೇಳಹೊರಟೆ. ನಾಲಿಗೆಗೆ ಬಂದದ್ದು ಬೇರೆ.

"ತಪ್ಪಾತು ಅಕ್ಕಾ."

ಇನ್ನು ಫೋನ್ ಇಟ್ಟೇಬಿಡುತ್ತಾಳೆ ಎಂದು ಹೆದರಿದೆ.

"ಫೋನ್ ಇಡಬ್ಯಾಡ," ಅಂದಳು. "ನಿನ್ನ ಲಾರಿ ಹಳ್ಳದಾಗ ಬಿದ್ದೈತಿ. ನಾ ಹಗ್ಗ ಕಟ್ಟಿ ಎಳೀತೇನಿ, ನೀ ಸ್ಟೇರಿಂಗ್ ಹಿಡಿ."