ಹೌದು ಎನ್ನುವ ಮೊದಲು ಹೊತ್ತು ಮುಳುಗಿತು

1981ರಲ್ಲಿ ನಾನು ಬೆಂಗಳೂರಿನ ಒಂದು ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕಾರ್ಯಕ್ರಮ ಅಧಿಕಾರಿಯಾಗಿದ್ದೆ. ಅಂಥ ಸಂಸ್ಥೆಯಲ್ಲಿ ತರಗತಿಯಿಲ್ಲ, ಪರೀಕ್ಷೆಯಿಲ್ಲ. ಫೆಲೋಶಿಪ್ ಪಡೆದವರು ಬಂದು ಎರಡು ವರ್ಷ ಓದುತ್ತಾರೆ, ಬರೆಯುತ್ತಾರೆ, ಉಳಿದ ಸಮಯದಲ್ಲಿ ಜಗಳವಾಡುತ್ತಾರೆ. ಆ ಜಗಳಕ್ಕೆ ಸಂಶೋಧನಾ ಗೋಷ್ಠಿ ಎಂದು ಹೆಸರು. ಅವರಿಗೆ ರೈಲು ಟಿಕೆಟ್ಟು, ಹಾಸಿಗೆ, ಬಿಸಿನೀರು ಒದಗಿಸುವುದು ನನ್ನ ಕೆಲಸ. ಕಾಫಿ ಸ್ವಲ್ಪ ತಡವಾದರೂ ಎಷ್ಟೇ ದೊಡ್ಡ ವಿದ್ವಾಂಸರಾಗಲಿ ಮದುವೆಮನೆಯ ಬೀಗರಂತೆ ಮುಖ ಊದಿಸಿಕೊಳ್ಳುತ್ತಿದ್ದರು.

ನಮ್ಮ ಶಾಸನ ಅಧ್ಯಯನ ಗುಂಪಿನಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಪ್ರಬಂಧ ಬರೆದವರು ಅದನ್ನು ಮಂಡಿಸುವಂತಿರಲಿಲ್ಲ. ಅದನ್ನು ಒಪ್ಪದವರೊಬ್ಬರು ಎದ್ದುನಿಂತು ತಮ್ಮ ಮಾತಿನಲ್ಲಿ ವಿವರಿಸಬೇಕು. ಬರೆದವರು "ಹೌದು, ನಾನು ಹೇಳಿದ್ದು ಇದೇ" ಎಂದ ಮೇಲೆಯೇ ಆಕ್ಷೇಪ ಶುರು. ಕೇಳಲು ಸುಲಭ, ಮಾಡಲು ಕಷ್ಟ. ಎದುರಾಳಿಯ ಮಾತನ್ನು ಅವನು ಮೆಚ್ಚುವ ಹಾಗೆ ಹೇಳಬೇಕಾದರೆ ಎಂಥವರೂ ತಡವರಿಸುತ್ತಾರೆ.

ಆ ವರ್ಷದ ಗೋಷ್ಠಿ ಹಳೇಬೀಡಿನಲ್ಲಿ. ಎಲ್ಲರನ್ನೂ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಸಿಕೊಂಡು ಬಸ್ಸು ಹತ್ತಿಸಿದೆ. ವಾಸ್ತವ್ಯ ಪ್ರವಾಸಿ ಬಂಗಲೆಯಲ್ಲಿ. ಗೋಷ್ಠಿ ಮತ್ತು ಊಟ ಪಕ್ಕದ ಬಸ್ತಿಹಳ್ಳಿಯಲ್ಲಿ, ಬಸದಿಗೆ ಹತ್ತಿರವಿದ್ದ ಪದ್ಮಮ್ಮನವರ ಮನೆಯಲ್ಲಿ. ಅವರದು ತೆಂಗಿನ ತೋಟವಿದ್ದ ಜೈನ ಮನೆತನ. ಊಟಕ್ಕೆ ಒಂದು ಬಿಡಿಕಾಸನ್ನೂ ಮುಟ್ಟಲೊಲ್ಲದ ಪದ್ಮಮ್ಮ ಒಂದೇ ಒಂದು ಷರತ್ತು ಹಾಕಿದ್ದರು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಬಡಿಸುವುದೂ ಇಲ್ಲ. ಜೊತೆಗೆ, ಅತಿಥಿಗಳು ಉಣ್ಣದೆ ಮನೆಯವರು ಕೂರುವವರಲ್ಲ. ಅಂದರೆ ನಾವು ತಡಮಾಡಿದರೆ ಆ ಮನೆಗೆ ಉಪವಾಸ. ನಾನು ಇದನ್ನು ಎಲ್ಲರಿಗೂ ತಿಳಿಸಿ ಹೇಳಿದ್ದೆ. ವಿದ್ವಾಂಸರು ಗಂಭೀರವಾಗಿ ತಲೆಯಾಡಿಸಿದ್ದರು.

ಎರಡನೆಯ ದಿನ ಮಧ್ಯಾಹ್ನ ಸರೋಜಾಳ ಪ್ರಬಂಧ. ಹಗರೆಯ ರೈತರ ಮನೆಯ ಹುಡುಗಿ. ಅರಸೀಕೆರೆಯ ಹೈಸ್ಕೂಲಿನಲ್ಲಿ ಮೇಷ್ಟರಿಕೆ ಮಾಡುತ್ತಿದ್ದವಳು, ರಜೆ ಹಾಕಿ ನಮ್ಮಲ್ಲಿಗೆ ಬಂದಿದ್ದಳು. ಅವಳ ಫೆಲೋಶಿಪ್ಪು ಮುಗಿಯುತ್ತ ಬಂದಿತ್ತು. ಗುಂಪು ಶಿಫಾರಸು ಮಾಡಿದರೆ ಇನ್ನೆರಡು ವರ್ಷ, ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ಬಿಟ್ಟು ಮತ್ತೆ ಹೈಸ್ಕೂಲು. ಶಿಫಾರಸು ಬರೆಯಬೇಕಾದವರು ಗುಂಪಿನ ಹಿರಿಯರಾದ ಪ್ರೊಫೆಸರ್ ವಾಸುದೇವಯ್ಯ. ಅವಳ ಪ್ರಬಂಧವನ್ನು ಮಂಡಿಸಬೇಕಾದವರೂ ಅವರೇ. ಬಸದಿಗಳಿಗೆ ದಾನ ಕೊಟ್ಟ ಶಾಸನಗಳಲ್ಲಿ ಹೆಂಗಸಿನ ಹೆಸರಿದ್ದರೂ ನಿಜವಾಗಿ ಕೊಟ್ಟವನು ಗಂಡನೇ ಎಂಬುದು ಅವರ ಜೀವಮಾನದ ವಾದ. ಕೆಲವು ಶಾಸನಗಳಲ್ಲಾದರೂ ಅದು ಆ ಹೆಂಗಸಿನ ಸ್ವಂತ ಆಸ್ತಿ ಎಂಬುದು ಸರೋಜಾಳ ವಾದ. ವಾಸುದೇವಯ್ಯ ಕೆಟ್ಟವರಲ್ಲ. ಅವಳಿಗೆ ಬೇಕಾದ ಪುಸ್ತಕಗಳನ್ನೆಲ್ಲ ತಮ್ಮ ಮನೆಯಿಂದಲೇ ಹೊತ್ತು ತಂದುಕೊಟ್ಟವರು. ಆದರೆ ತಮ್ಮ ವಾದದ ಮೇಲೆ ಅವರಿಗೆ ಮಗನ ಮೇಲಿರುವಷ್ಟು ಮಮತೆ.

ಅವರು ಶುರುಮಾಡಿದರು: "ಸರೋಜಾ ಅವರ ಪ್ರಕಾರ ಈ ದಾನಗಳೆಲ್ಲ ಹೆಂಗಸರದೇ."

"ಇಲ್ಲ ಸಾರ್, ಎಲ್ಲ ಅಂದಿಲ್ಲ. ಕೆಲವು."

ಅವರು ತಿದ್ದಿಕೊಂಡರು. ಮತ್ತೆ ಎಲ್ಲೋ ಒಂದು ಕಡೆ ವ್ಯಂಗ್ಯ ಇಣುಕಿತು. ಅವಳು ಮತ್ತೆ "ಇಲ್ಲ" ಎಂದಳು. ಒಬ್ಬರು ನಕ್ಕರು, ಇನ್ನೊಬ್ಬರು ಕೆರಳಿದರು. ಯಾರ ಗಮನಕ್ಕೂ ಬಾರದಂತೆ ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ನಾನು ಕೆಮ್ಮಿದೆ, ಗಡಿಯಾರ ತೋರಿಸಿದೆ, ಕೊನೆಗೆ ಬಾಯಿಬಿಟ್ಟೇ ಹೇಳಿದೆ. "ಇನ್ನೊಂದು ನಿಮಿಷ" ಎಂದರು ವಾಸುದೇವಯ್ಯ. ಅಹಿಂಸೆಯ ಬಗ್ಗೆ ತಾಸುಗಟ್ಟಲೆ ಮಾತಾಡಬಲ್ಲ ಜನ ಒಂದು ಮನೆಯನ್ನು ಉಪವಾಸ ಕೆಡವಲು ಕೂತಿದ್ದಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಪದ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಸರೋಜಾ ನೋಡಿದಳು, ಹೊರಗಿನ ಬೆಳಕು ನೋಡಿದಳು. ವಾಸುದೇವಯ್ಯ ಮೂರನೆಯ ಸಲ ಮುಗಿಸಿ "ಈಗಲಾದರೂ ಸರಿಯೇನಮ್ಮ?" ಎಂದಾಗ ತಲೆತಗ್ಗಿಸಿ, "ಆಯ್ತು ಸಾರ್, ಹಂಗೇ ಇಟ್ಕೊಳ್ಳಿ" ಎಂದಳು.

ಆಕ್ಷೇಪ ನಾಳೆಗೆ ಎನ್ನುತ್ತ ಎಲ್ಲರೂ ಊಟಕ್ಕೆ ಏಳತೊಡಗಿದರು. ಆಗ ಪದ್ಮಮ್ಮ ಒಳಗೆ ಬಂದರು.

"ಅವ್ರು ಹೇಳಿದ್ದು ನಿನ್ ಮಾತೇನವ್ವ?"

"ಅಲ್ಲ ಕಣಮ್ಮ."

"ಮತ್ಯಾಕೆ ಹೂಂ ಅಂದೆ?"

"ಹೊತ್ತು ಮುಳುಗ್ತಾ ಐತೆ. ನೀವು ಉಣ್ಬೇಕಲ್ಲ."

"ಉಪವಾಸ ನಮಗೇನು ಹೊಸದಾ? ನೀನು ನಿನ್ ಮಾತು ಬಿಟ್ಟುಕೊಟ್ಟು ನಾನು ಉಂಡ್ರೆ, ಆ ಅನ್ನ ನನಗೆ ದಕ್ಕುತ್ತಾ? ಕೂತ್ಕೊಳ್ರಿ ಎಲ್ಲಾರೂ. ಅವಳು ಹೇಳಿದ್ದು ಸರಿಯಾಗಿ ಕೇಳ್ಕೊಳ್ರಿ."

ಎದ್ದವರೆಲ್ಲ ಮತ್ತೆ ಕೂತರು. ಸರೋಜಾ ಸೆರಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. "ಹೌದು ಅಂದಿದ್ದು ವಾಪಸ್ ತಗೊಂಡೆ ಸಾರ್," ಎಂದಳು. ವಾಸುದೇವಯ್ಯ ಕೈಯಲ್ಲಿದ್ದ ಪ್ರಬಂಧವನ್ನು ಮತ್ತೆ ಮೊದಲ ಪುಟಕ್ಕೆ ತಿರುವಿದರು. ಆಮೇಲೆ ಮೆಲ್ಲಗೆ, "ನಾನು ಇದನ್ನ ಬೈಯೋದಕ್ಕೆ ಓದಿದೀನಿ, ತಿಳ್ಕೊಳ್ಳೋದಕ್ಕೆ ಓದಿಲ್ಲ. ಬೆಳಿಗ್ಗೆವರೆಗೆ ಟೈಮ್ ಕೊಡಮ್ಮ," ಎಂದರು. ಅಷ್ಟರಲ್ಲಿ ಸೂರ್ಯ ಮುಳುಗಿದ್ದ.

ಬಂಗಲೆಗೆ ಹಿಂತಿರುಗಿ ನಾನು ಹೋಟೆಲಿನಿಂದ ಇಡ್ಲಿ ತರಿಸಿದೆ. ಎಲ್ಲರೂ ತಿಂದರು, ನಾನೂ ತಿಂದೆ. ವಾಸುದೇವಯ್ಯ ಮಾತ್ರ ಪೊಟ್ಟಣ ಮುಟ್ಟಲಿಲ್ಲ. "ಆ ತಾಯಿ ಉಪವಾಸ ಇದಾರಲ್ರೀ" ಎಂದಷ್ಟೇ ಹೇಳಿ ಪ್ರಬಂಧ ಹಿಡಿದು ಕೂತರು.

ಮರುದಿನ ಬೆಳಿಗ್ಗೆ ಪದ್ಮಮ್ಮ ಎಲೆ ಹಾಕಲು ಬಂದಾಗ ವಾಸುದೇವಯ್ಯ ತಡೆದರು. "ಮೊದಲು ಇದು ಮುಗೀಲಿ." ನಿಂತೇ ಮಾತಾಡಿದರು. ಸರೋಜಾ ಎಲ್ಲಿ ಗಟ್ಟಿಯಾಗಿದ್ದಾಳೆ, ಎಲ್ಲಿ ಅನುಮಾನದಿಂದ ಹೇಳಿದ್ದಾಳೆ, ಏನನ್ನು ಹೇಳಿಯೇ ಇಲ್ಲ, ಎಲ್ಲ ಬಂತು. ಅವಳಿಗೆ ಹೊಳೆಯದಿದ್ದ ಒಂದು ಆಧಾರವನ್ನೂ ಅವಳ ಪರವಾಗಿ ಸೇರಿಸಿದರು. ಅವಳದೇ ಪ್ರಬಂಧ ಅವರ ಬಾಯಲ್ಲಿ ಅವಳು ಬರೆದದ್ದಕ್ಕಿಂತ ಚೆನ್ನಾಗಿ ಕೇಳಿಸಿತು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ಹೌದು ಸಾರ್," ಎಂದಳು ಸರೋಜಾ. "ನಾನು ಹೇಳಿದ್ದು ಇದೇ."

"ಹಂಗಾದ್ರೆ ಎಲೆ ಹಾಕ್ತೀನಿ," ಎಂದರು ಪದ್ಮಮ್ಮ.

ತಿಂಡಿ ಮುಗಿದ ಮೇಲೆ ವಾಸುದೇವಯ್ಯ ಆಕ್ಷೇಪ ಶುರುಮಾಡಿದರು. ಒಂದಿಷ್ಟೂ ದಯೆ ತೋರಲಿಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ಸಮಸಮವಾಗಿ ಕಾದಾಡಿದರು, ಯಾರೂ ಸೋಲಲಿಲ್ಲ. ಅವಳ ಫೆಲೋಶಿಪ್ ಕತೆ ಮುಗಿಯಿತೆಂದೇ ನಾನು ಭಾವಿಸಿದ್ದೆ. ಬಸ್ಸಿಗೆ ಕಾಯುವಾಗ ಧೈರ್ಯಮಾಡಿ ವಾಸುದೇವಯ್ಯನವರನ್ನೇ ಕೇಳಿದೆ.

"ನಾನು ಒಪ್ಪಿಲ್ಲ ಕಣ್ರೀ," ಎಂದರು. "ಆದರೆ ಅವಳಿಗೆ ಉತ್ತರ ಹುಡುಕೋಕೆ ನನಗೆ ಇನ್ನೆರಡು ವರ್ಷ ಬೇಕು. ಅಲ್ಲೀವರೆಗೆ ಅವಳು ನಮ್ಮ ಸಂಸ್ಥೆಯಲ್ಲೇ ಇರಬೇಕು. ಹಾಗೇ ಬರೀತೀನಿ."

ಬರೆದರು. ಸರೋಜಾ ಉಳಿದಳು.

ನಿವೃತ್ತಿಯವರೆಗೆ ಎಷ್ಟೋ ಗೋಷ್ಠಿ ನಡೆಸಿದೆ. ಹೊತ್ತಿಗೆ ಸರಿಯಾಗಿ ಎಲ್ಲ ಮುಗಿಸುವುದೇ ನನ್ನ ಜಾಣತನ ಎಂದುಕೊಂಡಿದ್ದವನು, ಯಾರಾದರೂ ಅವಸರಕ್ಕೆ, ಸಂಕೋಚಕ್ಕೆ "ಆಯ್ತು, ಹಂಗೇ ಇಟ್ಕೊಳ್ಳಿ" ಎಂದಾಗ ಗಡಿಯಾರ ಜೇಬಿಗಿಟ್ಟು ಕೇಳುವುದನ್ನು ರೂಢಿ ಮಾಡಿಕೊಂಡೆ: ಅವರು ಹೇಳಿದ್ದು ನಿಮ್ಮ ಮಾತೇನು? ಎಷ್ಟೋ ಸಲ "ಅಲ್ಲ" ಎಂಬ ಉತ್ತರ ಬಂದಿದೆ. ಅಂಥ ದಿನಗಳಲ್ಲಿ ಊಟ ತಡವಾಗಿದೆ.