ಅಕ್ಕಯ್ಯಮ್ಮ ತುಳಿಯದೆ ಬಿಟ್ಟ ಬೆನ್ನು

2018ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಎಕ್ಸ್‌ರೇ ಕೋಣೆಯ ಪಕ್ಕದ ನನ್ನ ಕೊಠಡಿಯಲ್ಲಿ ಎರಡು ಮಂಚ, ಒಂದು ಸೈಕಲ್, ಬೆಳಗಿನಿಂದ ಸಂಜೆಯವರೆಗೆ ಹೆಂಗಸರ ಮಾತು. ಪಕ್ಕದ ಬೀದಿಯ ಮಗ್ಗಗಳ ಸದ್ದಿಗೆ ದನಿ ಏರಿಸಿಯೇ ಮಾತಾಡಬೇಕಿತ್ತು. ನಿವೃತ್ತಿಯಾದ ಮೇಲೆ ಆ ಗದ್ದಲಕ್ಕಾಗಿ ಜೀವ ಹಂಬಲಿಸುತ್ತದೆ.

ಅಲ್ಲಿಗೆ ಮಂಡಿನೋವಿಗೆಂದು ಬರುತ್ತಿದ್ದವರು ಅಕ್ಕಯ್ಯಮ್ಮ. ಎಪ್ಪತ್ತು ದಾಟಿದ್ದರೂ ನೆಟ್ಟಗಿನ ಬೆನ್ನು, ಖಡಕ್ ಮಾತು. ಅವರು ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರು ತುಳಿದರೆ ಬೆನ್ನಿನ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಊರಿನ ಅರ್ಧ ಜನ ಅವರ ಜಗುಲಿಯಲ್ಲಿ ಬೋರಲು ಮಲಗಿ ತುಳಿಸಿಕೊಂಡವರೇ. ನಿಮ್ಮ ಮಂಡಿ ವಾಸಿ ಮಾಡಿದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ ಎಂದು ರೇಗಿಸುತ್ತಿದ್ದೆ.

ಎರಡನೇ ವಾರಕ್ಕೆ ಮಂಡಿ ಸಡಿಲಾಯಿತು. ಅವರು ಹಿಗ್ಗಿನಿಂದ, "ಭಾನ್ವಾರ ನಮ್ ಸೊಸೆ ಬೆನ್ನು ತುಳೀತೀನಿ ಮೇಡಂ. ಬಿಂದಿಗೆ ಎತ್ತುವಾಗ ಉಳುಕಿಸ್ಕೊಂಡು ತಿಂಗ್ಳಾಯ್ತು. ನನ್ ಕಾಲು ಸರಿಯಾಗ್ಲಿ ಅಂತ್ಲೇ ಕಾಯ್ತಿದ್ದೆ" ಎಂದರು.

ಸೊಸೆ ರತ್ನಾಗೆ ನಲವತ್ತಾರು ವರ್ಷ, ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅತ್ತೆಯ ಪುರಾಣ ಮುಂದುವರಿಯಿತು. ಸೊಸೆಗೆ ಇತ್ತೀಚೆಗೆ ಸೋಮಾರಿತನ, ಅಟ್ಟದ ಮೇಲಿನ ಡಬ್ಬ ಎಟುಕುವುದಿಲ್ಲವೆಂದು ನೆಪ ಹೇಳುತ್ತಾಳೆ; ಮದುವೆಯಾಗಿ ಬಂದ ಹೊಸತರಲ್ಲಿ ಅದೇ ಡಬ್ಬವನ್ನು ನಿಂತಲ್ಲೇ ತೆಗೆಯುತ್ತಿದ್ದಳಂತೆ. ಮಂಡಿ ಹಿಡಿದಿದ್ದ ನನ್ನ ಕೈ ಅಲ್ಲೇ ನಿಂತಿತು. ಅಟ್ಟವಂತೂ ಬೆಳೆಯುವುದಿಲ್ಲ, ಕುಗ್ಗಿದ್ದರೆ ರತ್ನಾಳೇ ಕುಗ್ಗಿರಬೇಕು.

ಭಾನುವಾರ ತುಳಿಯಬೇಡಿ, ಮೊದಲು ಅವಳನ್ನು ಇಲ್ಲಿಗೆ ಕರೆತನ್ನಿ ಎಂದೆ. ಅಕ್ಕಯ್ಯಮ್ಮ ಮುಖ ಗಂಟಿಕ್ಕಿಕೊಂಡು ಹೋದರು. ಅವರ ಕಾಲಿನ ಗುಣವನ್ನೇ ಅನುಮಾನಿಸಿದವಳು ನಾನೊಬ್ಬಳೇ ಇರಬೇಕು. ಬರುತ್ತಾರೋ ಇಲ್ಲವೋ ಎಂದು ನನಗೆ ನಿಜಕ್ಕೂ ದಿಗಿಲಾಯಿತು.

ಶನಿವಾರ ರತ್ನ ಶಿಫ್ಟ್ ಮುಗಿಸಿ ಬಂದಳು, ಹಿಂದೆ ಮುನಿಸಿಕೊಂಡ ಅತ್ತೆ. ಕಾಯಿಲೆ ಏನಾದರೂ ಇದೆಯೇ ಎಂದರೆ ಏನೂ ಇಲ್ಲವೆಂದಳು. ಒಂದೊಂದಾಗಿ ಕೇಳಿದಾಗ ಸಂಗತಿಗಳು ಹೊರಬಂದವು. ಮೂವತ್ನಾಲ್ಕಕ್ಕೇ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿದ್ದಳು. ಅದನ್ನು ನಮ್ಮ ಹೆಂಗಸರು ಕಾಯಿಲೆಯ ಲೆಕ್ಕಕ್ಕೇ ಸೇರಿಸುವುದಿಲ್ಲ. ತಾಯಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಉಬ್ಬಸಕ್ಕೆ ವರ್ಷಗಳಿಂದ ಸ್ಟೀರಾಯ್ಡ್ ಮಾತ್ರೆ. ಬಿಸಿಲು ಕಾಣುವುದು ರಜೆಯಲ್ಲಿ ಮಾತ್ರ.

ಇವೆಲ್ಲ ಆಸ್ಟಿಯೋಪೊರೋಸಿಸ್‌ನ, ಅಂದರೆ ಮೂಳೆ ಒಳಗೊಳಗೇ ಟೊಳ್ಳಾಗುವ ಕಾಯಿಲೆಯ, ಅಪಾಯ ಹೆಚ್ಚಿಸುವ ಸಂಗತಿಗಳು. ಮೂಳೆಯನ್ನು ಕಾಯುವ ಹಾರ್ಮೋನು ಅಂಡಾಶಯದಲ್ಲಿ ಹುಟ್ಟುತ್ತದೆ. ಅದು ಬೇಗ ನಿಂತರೆ ಮೂಳೆಯೂ ಬೇಗ ಸವೆಯುತ್ತದೆ. ಮುರಿಯುವವರೆಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ.

ನಮ್ಮ ಮೂಳೆ ವೈದ್ಯರು ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆಯ ಒಂದು ಮಣಿ ಅಮುಕಿದಂತೆ ಕುಸಿದಿತ್ತು; ರತ್ನ ಕುಗ್ಗಿದ್ದು ಅದರಿಂದಲೇ. "ಇದು ಉಳುಕಲ್ಲಮ್ಮ, ಮೂಳೆ ಮುರಿದಿದೆ" ಎಂದರು. ತುಳಿದಿದ್ದರೆ ಪಕ್ಕದ ಮಣಿಯೂ ಕುಸಿದು ನರಕ್ಕೆ ಪೆಟ್ಟಾಗಬಹುದಿತ್ತು ಎಂದೂ ಹೇಳಿದರು. ಮುಂದೆ ಬೆಂಗಳೂರಿನಲ್ಲಿ ಮಾಡಿಸಿದ ಡೆಕ್ಸಾ, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್, ನಮ್ಮ ಅನುಮಾನವನ್ನು ಖಚಿತಪಡಿಸಿತು. ಔಷಧಿ, ಹದವಾದ ವ್ಯಾಯಾಮ ಶುರುವಾದವು. ಬಿಂದಿಗೆ ಹೊರುವ ಕೆಲಸ ರತ್ನಾಳ ಗಂಡನ ಪಾಲಿಗೆ ಬಂತು.

ಎಕ್ಸ್‌ರೇ ನೋಡಿದ ಆ ಸಂಜೆ ಅಕ್ಕಯ್ಯಮ್ಮ ನನ್ನ ಕೊಠಡಿಯ ಬೆಂಚಿನ ಮೇಲೆ ಸೊಸೆಯ ಪಕ್ಕ ಕೂತರು. ಆಮೇಲೆ, "ಊರೋರ್ ಬೆನ್ನೆಲ್ಲಾ ನೋಡ್ದೆ ಮೇಡಂ. ನಮ್ಮನೇಲಿ ಮುರ್ದಿರೋ ಬೆನ್ನಿಟ್ಕೊಂಡು ದುಡೀತಿದ್ದೋಳ್ನ ಸೋಮಾರಿ ಅಂತಿದ್ದೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ರತ್ನ ಅತ್ತೆಯ ಕೈ ಹಿಡಿದುಕೊಂಡಳು. ನನ್ನ ಕಣ್ಣೂ ತುಂಬಿತ್ತು.

ಅಕ್ಕಯ್ಯಮ್ಮ ತುಳಿಯುವುದನ್ನು ಬಿಟ್ಟರು. ಆದರೆ ಜಗುಲಿಗೆ ಬರುವವರು ನಿಲ್ಲಲಿಲ್ಲ. ಮುಟ್ಟು ಯಾವಾಗ ನಿಂತಿತು, ತಾಯಿಯ ಸೊಂಟ ಮುರಿದಿತ್ತೇ, ಯಾವ ಮಾತ್ರೆ ನುಂಗುತ್ತೀ ಎಂದು ಗದರಿಸಿ ಕೇಳಿ ನನ್ನ ಬಳಿ ಕಳಿಸುತ್ತಿದ್ದರು. ಅವರ ಆ ಗದರಿಕೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮೂಳೆ ಎಷ್ಟು ಸವೆದಿದೆಯೆಂದು ಸ್ಕ್ಯಾನ್ ಹೇಳುತ್ತದೆ. ಯಾರನ್ನು ಸ್ಕ್ಯಾನಿಗೆ ಕಳಿಸಬೇಕೆಂಬುದು ಮಾತ್ರ ಮನೆಯವರ ಮಾತಿನಲ್ಲೇ, ಕೆಲವೊಮ್ಮೆ ಅವರ ಗೊಣಗಾಟದಲ್ಲೇ ಸಿಗುತ್ತದೆ. ನನ್ನ ವೃತ್ತಿ ಕಲಿಸಿದ್ದು ಇಷ್ಟು: ಮನೆಯ ಹೆಣ್ಣುಮಗಳನ್ನು ಸೋಮಾರಿ ಎನ್ನುವ ಮೊದಲು ಗೋಡೆಗೆ ನಿಲ್ಲಿಸಿ ಅವಳ ಎತ್ತರ ಅಳೆಯಿರಿ.