ಜಮಖಾನ ಮತ್ತು ನನ್ನ ನಾಲ್ಕನೆಯ ಅಧ್ಯಾಯ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನವಲಗುಂದದ ನಮ್ಮ ಓಣಿಯಲ್ಲಿ ನನಗೆ ಬರುತ್ತಿದ್ದಷ್ಟು ದಪ್ಪ ಲಕೋಟೆ ಬೇರೆ ಯಾರಿಗೂ ಬರುತ್ತಿರಲಿಲ್ಲ. ಕಂದು ಬಣ್ಣದ ಲಕೋಟೆ, ಮೇಲೆ ಪರದೇಶದ ಅಂಚೆಚೀಟಿ. ಅಂಚೆಯವನು ಚೀಟಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಕೊಡುತ್ತಿದ್ದ. ನನಗೆ ಪರದೇಶದಲ್ಲಿ ವರ ಗೊತ್ತಾಗಿದ್ದಾನೆ ಎಂದು ಅರ್ಧ ಓಣಿ ನಂಬಿತ್ತು. ಒಳಗೆ ಇರುತ್ತಿದ್ದದ್ದು ಜಿನೀವಾದ ಗ್ರಂಥಾಲಯದಿಂದ ಬಂದ ಒಪ್ಪಂದಗಳ ಜೆರಾಕ್ಸ್ ಪ್ರತಿ, ಅದೂ ನಾನು ಪತ್ರ ಬರೆದ ಮೂರು ತಿಂಗಳಿಗೆ.

ನಾನು ಧಾರವಾಡದಲ್ಲಿ ಅಂತರರಾಷ್ಟ್ರೀಯ ಕಾನೂನಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಒಂದು ಊರಿನಿಂದ ಹೆಸರಾದ ಸರಕನ್ನು ಬೇರೆ ದೇಶದವರು ಅದೇ ಹೆಸರಿನಲ್ಲಿ ಮಾಡಿ ಮಾರಿದರೆ ಕೇಳುವವರು ಯಾರು, ದೇಶದೇಶಗಳ ನಡುವಿನ ಒಪ್ಪಂದ ಅದಕ್ಕೆ ಏನನ್ನುತ್ತದೆ ಎಂಬುದು ನನ್ನ ವಿಷಯ. ಮೂರು ಅಧ್ಯಾಯ ಬರೆದು ಮುಗಿಸಿದ್ದೆ. ಎಲ್ಲವೂ ಫ್ರಾನ್ಸಿನ ಚೀಸು, ಫ್ರಾನ್ಸಿನ ದ್ರಾಕ್ಷಾರಸ. ನಾನು ಎರಡನ್ನೂ ಕಂಡವಳಲ್ಲ. ಆದರೂ ಅವುಗಳ ಪರವಾಗಿ ಇನ್ನೂರು ಪುಟ ವಾದ ಮಾಡಿದ್ದೆ, ಆ ವಾದದ ಬಗ್ಗೆ ಸೊಕ್ಕೂ ಇತ್ತು.

ನನ್ನ ಗೈಡ್ ಅದನ್ನೆಲ್ಲ ಓದಿದ್ದು ತಮ್ಮ ಮನೆಯ ಪಡಸಾಲೆಯಲ್ಲಿ. ಅವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಚಪ್ಪಲಿ ಅಂಗಡಿಯ ಖಾಲಿ ಡಬ್ಬಿಗಳಲ್ಲಿ ಸಾವಿರಾರು ಚೀಟಿ ಜೋಡಿಸಿಟ್ಟುಕೊಂಡು, ಯಾವ ಒಪ್ಪಂದದ ಯಾವ ಕಲಮು ಕೇಳಿದರೂ ಎದ್ದು ಹೋಗಿ ಕ್ಷಣದಲ್ಲಿ ಚೀಟಿ ತಂದು ಕೈಗಿಡುತ್ತಿದ್ದರು. ಕಣ್ಣಾರೆ ನೋಡದ್ದನ್ನು ಬರೆಯಬಾರದು ಎಂಬುದು ಅವರ ಏಕೈಕ ನೇಮ. ಒಂದು ಒಪ್ಪಂದದ ಒಂದೇ ಸಾಲನ್ನು ಮೂಲದಲ್ಲಿ ನೋಡಲಿಕ್ಕೆಂದು ಮುಂಬಯಿಗೆ ಹೋಗಿ ಬಂದು, 'ಬರೋಬರಿ ಅದ' ಎಂದು ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದ ಮನುಷ್ಯ. ಅಂಥ ವಿದ್ವಾಂಸರ ಕೈಕೆಳಗೆ ಕಲಿತೆ ಎಂಬುದು ಇವತ್ತಿಗೂ ನನಗೆ ಹೆಮ್ಮೆ.

ಅವರು ಕೊನೆಯ ಹಾಳೆ ಮಗುಚಿ ಕನ್ನಡಕ ತೆಗೆದರು. "ಎಲ್ಲಾ ಛಲೋ ಅದ. ಆದ್ರ ನೀ ಈಗ ಯಾತರ ಮ್ಯಾಲ ಕೂತೀದಿ?" ಎಂದು ಕೇಳಿದರು.

ಕೆಳಗೆ ನೋಡಿದೆ. ಕೆಂಪು ನೆಲ, ನಡುವೆ ಪಗಡಿ ಹಾಸಿನ ಚಿತ್ತಾರ. "ಜಮಖಾನ ರೀ ಸರ್. ನಮ್ಮೂರದು" ಎಂದೆ. ಅನ್ನುವಾಗಲೇ ನಾಚಿಕೆಯಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬುದಕ್ಕೆ ನನ್ನನ್ನು ಬಿಟ್ಟು ಬೇರೆ ಉದಾಹರಣೆ ಬೇಕಿರಲಿಲ್ಲ.

ನಾಲ್ಕನೆಯ ಅಧ್ಯಾಯ ನವಲಗುಂದದ ಜಮಖಾನದ ಮೇಲೆ ಎಂದು ಅಲ್ಲೇ ಗೊತ್ತಾಯಿತು. ಅವರದೊಂದು ಕರಾರು ಇತ್ತು. "ಬರೇ ಹೆಸರು ಊರಿಂದ ಅಂದ್ರ ಸಾಲೂದಿಲ್ಲ. ಕೈಚಳಕನೂ ಆ ಊರಿಂದ, ಬ್ಯಾರೆ ಕಡೆ ಅದು ಬರೂದಿಲ್ಲ ಅಂತ ತೋರಿಸಬೇಕು." ಜಮಖಾನದಲ್ಲಿ ಎರಡು ಬಣ್ಣದ ದಾರ ಕೂಡುವ ಒಂದು ಜಾಗವಿದೆ. ನಮ್ಮೂರಿನ ಹೆಂಗಸರು ಅದನ್ನು ಕೂಡಿಸುವ ರೀತಿ ಅವರಿಗೆ ಮಾತ್ರ ಗೊತ್ತು. ಆ ರೀತಿಯನ್ನು ಚಿತ್ರ ಸಮೇತ ವಿವರಿಸಿದರೆ ನನ್ನ ಅಧ್ಯಾಯ ನಿಲ್ಲುತ್ತಿತ್ತು.

ನಮ್ಮ ಮನೆಯಿಂದ ಮೂರನೆಯದು ಖಾಲಾ ಅವರ ಮನೆ. ಖಾಲಾ ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ಓಣಿಗೆಲ್ಲ ಅವರು ಖಾಲಾನೇ. ಗೋಡೆಗೆ ಆನಿಸಿದ ನಿಲುಮಗ್ಗದ ಮುಂದೆ ಕುಳಿತು, ಪಂಜಾ ಎಂಬ ಕಬ್ಬಿಣದ ಹಣಿಗೆಯಿಂದ ದಾರವನ್ನು ಕೆಳಗೆ ಬಡಿಯುವ ಆ ಸದ್ದು ಕೇಳುತ್ತಲೇ ನಾನು ದೊಡ್ಡವಳಾದವಳು. ಕುಳಿತು ನೋಡಬಹುದೇ ಎಂದು ಕೇಳಿದಾಗ ಅವರು ಧಾರಾಳವಾಗಿ ನಕ್ಕರು. "ಕುಂದರವಾ. ನೋಡಿದ್ರ ಏನ್ ಸವೀತೈತಿ?"

ಕುಳಿತೆ. ಎಲ್ಲ ತೋರಿಸಿದರು. ಹುರಿ ಹಾಕುವುದು, ಬಣ್ಣ ಅದ್ದುವುದು, ನವಿಲು ಮೂಡಿಸುವುದು. ಬಣ್ಣ ಕೂಡುವ ಜಾಗಕ್ಕೆ ಬಂದ ಕೂಡಲೇ, "ಏಳವಾ, ಒಂಚೂರು ಚಹಾ ಮಾಡು" ಎನ್ನುತ್ತಿದ್ದರು. ನಾನು ಚಹಾ ಸೋಸಿ ತರುವಷ್ಟರಲ್ಲಿ ಆ ಜಾಗ ಮುಗಿದು ಪಂಜಾ ಮುಂದಕ್ಕೆ ಹೋಗಿರುತ್ತಿತ್ತು. ನಾಲ್ಕು ತಿಂಗಳು ಹೀಗೇ ಕಳೆಯಿತು. ಸಂಶೋಧನೆ ಒಂದು ಗೇಣು ಸರಿಯಲಿಲ್ಲ, ಚಹಾ ಮಾತ್ರ ನಾನು ಚೆನ್ನಾಗಿ ಕಲಿತೆ.

ಸಲಿಗೆ ಸಾಲದು, ಇನ್ನೂ ಹತ್ತಿರದವಳಾಗಬೇಕು ಎಂದುಕೊಂಡೆ. ದಾರದ ಉಂಡೆ ಸುತ್ತಿಕೊಟ್ಟೆ. ಅಣ್ಣಿಗೇರಿಗೆ ಕೊಟ್ಟಿದ್ದ ಅವರ ಮಗಳಿಗೆ ಪತ್ರ ಬರೆದುಕೊಟ್ಟೆ, ಬಂದ ಉತ್ತರ ಓದಿ ಹೇಳಿದೆ. ಒಂದು ದಿನ ಖಾಲಾ ನನ್ನ ತಲೆ ಸವರಿ, "ನೀ ನನಗ ಮಗಳಿದ್ದಂಗ ನೋಡು" ಎಂದರು. ಹಿಗ್ಗಿನಲ್ಲಿ ನನಗೆ ನೆಲ ಕಾಣಲಿಲ್ಲ. ಮರುದಿನವೇ ಧಾರವಾಡಕ್ಕೆ ಹೋಗಿ ಗೈಡ್ ಅವರಿಗೆ ಸುದ್ದಿ ಮುಟ್ಟಿಸಿದೆ. "ಮಗಳು ಅಂದ್ರಾ? ಹಂಗಾರ ಕೆಲಸ ಆತು ಬಿಡು" ಎಂದು ಅವರೂ ಕೈ ತಿಕ್ಕಿಕೊಂಡರು. ಓದಿದವರಿಬ್ಬರೂ ಕೂಡಿ ಮಾಡಿಕೊಂಡ ಪೆದ್ದತನ ಅದು.

ಹಬ್ಬಕ್ಕೆ ಆ ಮಗಳು ತವರಿಗೆ ಬಂದಳು. ಬಣ್ಣ ಕೂಡಿಸುವುದನ್ನು ನೀನಾದರೂ ತೋರಿಸು ಎಂದು ಅವಳಿಗೆ ದುಂಬಾಲು ಬಿದ್ದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ನನಗೆಲ್ಲಿ ಬರತೈತಿ? ನಾ ಮಗಳಲ್ಲೇನು! ನಮ್ಮಾಗ ಇದನ್ನ ಸೊಸೀಗೆ ಕಲಸ್ತಾರ, ಮಗಳಿಗಲ್ಲ. ಮಗಳು ಕೊಟ್ಟ ಮನಿಗೆ ಹೋಗಾಕಿ. ಆಕಿ ಹಿಂದ ಕೆಲಸಾನೂ ಹೋಗಿಬಿಡತೈತಿ."

ಇಷ್ಟು ತಿಂಗಳು ಬೆವರು ಸುರಿಸಿ ನಾನು ಸಂಪಾದಿಸಿದ್ದು, ನನ್ನ ಬಾಗಿಲಿಗೆ ನಾನೇ ಹಾಕಿಕೊಂಡ ಅಗಳಿ. ಸಿಟ್ಟು ಬಂತು, ಆಮೇಲೆ ನಗು ಬಂತು, ಅದರ ಹಿಂದೆಯೇ ಒಂದು ಬೆರಗು. ನಾನು ಓದಿದ ಒಪ್ಪಂದಗಳಿಗೆ ಹತ್ತಾರು ದೇಶಗಳು ಸಹಿ ಹಾಕಿದ್ದವು, ಮುರಿದವರಿಗೆ ಲೆಕ್ಕವಿರಲಿಲ್ಲ. ಇಲ್ಲಿ ಸಹಿಯಿಲ್ಲ, ಕೋರ್ಟಿಲ್ಲ, ಕಾಗದವೇ ಇಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನೂ ಹೊರಗಿಟ್ಟು ಈ ಹೆಂಗಸರು ತಲೆತಲಾಂತರದಿಂದ ಒಂದು ಕಾನೂನನ್ನು ಪಾಲಿಸಿಕೊಂಡು ಬಂದಿದ್ದರು. ಇದಕ್ಕಿಂತ ಗಟ್ಟಿ ಕಾನೂನನ್ನು ನಾನು ಯಾವ ಗ್ರಂಥಾಲಯದಲ್ಲೂ ಕಂಡಿಲ್ಲ.

ಆ ವರ್ಷವೇ ಖಾಲಾ ಅವರ ಮನೆಗೆ ಹೊಸ ಸೊಸೆ ಬಂದಳು. ಕಲಿಸುವುದು ಶುರುವಾಯಿತು. ನನ್ನನ್ನು ಹೊರಗೆ ಹಾಕಲು ಖಾಲಾಗೆ ಮನಸ್ಸಿಲ್ಲ. "ಮಾರಿ ಆಚೆ ಮಾಡಿ ಕುಂದರು" ಎಂದರು. ನಾನು ಮಗ್ಗಕ್ಕೆ ಬೆನ್ನು ಹಾಕಿ, ಗೋಡೆ ನೋಡುತ್ತ ಉಂಡೆ ಸುತ್ತುತ್ತಿದ್ದೆ. ಆದರೆ ಕಿವಿಗೆ ಬೆನ್ನು ಎಲ್ಲಿದೆ? ಅತ್ತೆ ಹೇಳುವುದು, ಸೊಸೆ ತಪ್ಪುವುದು, ಅತ್ತೆ ಮತ್ತೆ ಹೇಳುವುದು. ಇಷ್ಟು ದಿನ ನೋಡಿದ್ದಕ್ಕೆ ಈಗ ಕೇಳಿದ್ದನ್ನು ಕೂಡಿಸಿ, ಮನೆಗೆ ಬಂದು ಗ್ರಾಫ್ ಹಾಳೆಯ ಮೇಲೆ ಬರೆದು ನೋಡಿದೆ. ಆರನೆಯ ಚಿತ್ರಕ್ಕೆ ಎಲ್ಲ ಹೊಂದಿಕೊಂಡಿತು. ಅವತ್ತು ನನ್ನಷ್ಟು ಜಾಣೆ ಭೂಮಿಯ ಮೇಲೆ ಇರಲಿಲ್ಲ.

ಒಂದು ಮಧ್ಯಾಹ್ನ ಸೊಸೆ ಅದೇ ಜಾಗದಲ್ಲಿ ಮೂರನೆಯ ಸಲ ತಪ್ಪಿ, ಬಿಚ್ಚಿ, ಅಳುವ ಹಾಗೆ ಆಗಿದ್ದಳು. ನಾನು ಗೋಡೆ ನೋಡುತ್ತಲೇ ಬಾಯಿ ತಪ್ಪಿ ಒಂದು ಮಾತು ಅಂದೆ. ಆ ಮಾತು ಏನೆಂದು ಇಲ್ಲಿಯೂ ಬರೆಯುವುದಿಲ್ಲ. ಸೊಸೆ ಹಾಗೇ ಮಾಡಿದಳು. ಬಣ್ಣ ಕೂಡಿತು.

ಪಂಜಾ ಸದ್ದು ನಿಂತಿತು. ನಾನು ತಿರುಗಿದೆ. ಖಾಲಾ ಕೂಡಿದ ಬಣ್ಣವನ್ನೇ ನೋಡುತ್ತಿದ್ದರು.

"ಬರಕೊಂಡೀಯೇನು?" ಎಂದು ಕೇಳಿದರು.

"ಹೌದ್ರಿ."

"ನಿನ್ನ ಪುಸ್ತಕ ಎಷ್ಟ ಮಂದಿ ಓದ್ತಾರ?"

"ಮೂರು ಮಂದಿ ರೀ ಖಾಲಾ."

"ಆಮ್ಯಾಲ?"

"ಲೈಬ್ರರಿಯೊಳಗ ಇಡ್ತಾರ್ರಿ."

"ಅಲ್ಲಿ ಯಾರ ಬೇಕಾದ್ರೂ ತಗದು ನೋಡಬಹುದೇನು?"

ಹೌದು ಎಂದೆ. ಖಾಲಾ ದನಿ ಏರಿಸಲಿಲ್ಲ. "ಹ್ವಾದ ವರ್ಷ ಮಷಿನ್ನಿನ ಮ್ಯಾಲ ಜಮಖಾನ ನೇಯಾಂವ ಬಂದಿದ್ದ. ಬಣ್ಣ ನೋಡಿಕೊಂಡು ಹ್ವಾದ, ಚಿತ್ತಾರ ನೋಡಿಕೊಂಡು ಹ್ವಾದ. ಇದೊಂದು ಸಿಗಲಿಲ್ಲ ಆಂವಗ. ಇದು ಐತಿ ಅಂತ ನಮ್ಮನಿ ಒಲಿ ಹತ್ತತೈತಿ" ಎಂದರು. ಆಮೇಲೆ ಸೀರೆ ಕೊಡವಿಕೊಂಡು ಎದ್ದರು. "ಇರ್ಲಿ, ಬರಿ. ಇಷ್ಟ ದಿವಸ ಕಷ್ಟಪಟ್ಟೀ. ನಿನ್ನ ಓದಿಗೆ ನಾ ಅಡ್ಡ ಬರಬಾರದು."

ಒಳಗೆ ಹೋಗಿ ಅವತ್ತು ಅವರೇ ಚಹಾ ಮಾಡಿ ತಂದುಕೊಟ್ಟರು.

ಆದರೂ ಚಿತ್ರಗಳನ್ನು ಧಾರವಾಡಕ್ಕೆ ಒಯ್ದೆ. ಸುಳ್ಳು ಯಾಕೆ, ಬಿಡಲು ಮನಸ್ಸಿರಲಿಲ್ಲ. ಗೈಡ್ ಆರೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಗುವಿಗೆ ಪೇಢೆ ಸಿಕ್ಕ ಹಾಗೆ ನೋಡಿದರು. "ಅಗದಿ ಬರೋಬರಿ ಅದ" ಎಂದರು. "ಕೊಟ್ರೋ, ತಗೊಂಡ್ಯೋ?" ಎಂದೂ ಕೇಳಿದರು.

ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನದೇ ಎರಡನೆಯ ಅಧ್ಯಾಯ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಒಮ್ಮೆ ಪ್ರಕಟವಾದ ಗುಟ್ಟನ್ನು ಯಾವ ಒಪ್ಪಂದವೂ ಮರಳಿ ಗುಟ್ಟಾಗಿ ಮಾಡಲಾರದು ಎಂದು ನಾನು ಬರೆದಿದ್ದೆ. "ಇದನ್ನ ಬರದಾಕಿ ನೀನ ಅಲ್ಲೇನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದು ಮಾತಿಗಿಂತ ಹೆಚ್ಚಿಂದು."

"ಚಿತ್ರ ಇಲ್ಲದಿದ್ರ ಪುರಾವೆ ಎಲ್ಲೈತ್ರಿ ಸರ್? ಹೊರಗಿನ ಪರೀಕ್ಷಕರು ತಿರುಗಿ ಕಳಸ್ತಾರ. ನಾಲ್ಕು ವರ್ಷ ಆತ್ರಿ ನನಗ!" ನನ್ನ ದನಿ ಏರಿತ್ತು. ಫ್ರಾನ್ಸಿನ ಚೀಸಿಗೆ ಕಾವಲು ನಿಂತು, ಪಕ್ಕದ ಮನೆಗೆ ಕನ್ನ ಹಾಕಲು ಹೊರಟಿದ್ದೆ. ಮನೆಗೆ ಮಾರಿ, ಊರಿಗೆ ಉಪಕಾರಿ. ಅದು ಗೊತ್ತಿದ್ದೇ ದನಿ ಏರಿತ್ತು.

ಅವರು ಆರೂ ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಮರಳಿಸಿದರು. ಆಮೇಲೆ ಹೇಳಿದರು: "ಚಿತ್ರ ನಾ ಕಣ್ಣಾರೆ ನೋಡೇನಲ್ಲ. ಖರೇ ಅದ ಅಂತ ನಾ ಬರದು ಸಹಿ ಮಾಡ್ತೀನಿ. ನಂಬೂದಿದ್ರ ನನ್ನ ನಂಬಲಿ."

ಒಂದು ಸಾಲಿಗಾಗಿ ಮುಂಬಯಿಗೆ ಹೋಗಿ ಬಂದವರು, ಪುರಾವೆಯಿಲ್ಲದ ನನ್ನ ಅಧ್ಯಾಯಕ್ಕೆ ತಮ್ಮ ಹೆಸರನ್ನೇ ಪುರಾವೆಯಾಗಿ ಕೊಟ್ಟರು. ನನಗೆ ಕಣ್ಣೀರು ಬಂತು. ಅವರಿಗೆ ಅಂಥದ್ದು ಆಗಿಬರುವುದಿಲ್ಲವೆಂದು ಎದ್ದು ಬಂದುಬಿಟ್ಟೆ. ಗ್ರಾಫ್ ಹಾಳೆಗಳು ಮರುದಿನ ಬೆಳಿಗ್ಗೆ ನಮ್ಮ ಬಚ್ಚಲೊಲೆಗೆ ಹೋದವು. ಟೈಪು ಮಾಡುವವರು ಚಿತ್ರದ ತಲೆಬರಹವನ್ನು ಆಗಲೇ ಹೊಡೆದಿದ್ದರು. ಆ ಪುಟವನ್ನು ತೆಗೆಸಲಿಲ್ಲ. ಮೇಲೆ ತಲೆಬರಹ, ಕೆಳಗೆ ಖಾಲಿ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಮೊದಲು ತೆಗೆದದ್ದೇ ಆ ಪುಟ. ಇದು ನಿಮಗೆ ಗೊತ್ತಿದೆಯೇ ಎಂದರು. ಗೊತ್ತಿದೆ ಎಂದೆ. ಹಾಗಾದರೆ ಬಾಯಲ್ಲಾದರೂ ಹೇಳಿ ಎಂದರು. ಆ ಮನೆಯ ನೇಮವೂ ಕಾನೂನೇ ಎಂದು ಇದೇ ಅಧ್ಯಾಯದಲ್ಲಿ ವಾದಿಸಿದ್ದೇನೆ, ನಾನೇ ಮುರಿದರೆ ವಾದ ಉಳಿಯುವುದಿಲ್ಲ ಎಂದೆ. ಅವರು ನನ್ನ ಗೈಡ್ ಕಡೆ ನೋಡಿದರು. ನನ್ನ ಗೈಡ್ ಫ್ಯಾನು ನೋಡುತ್ತಿದ್ದರು. ಇನ್ನೂ ಒಂದು ತಾಸು ನನ್ನನ್ನು ಬೆಂಡೆತ್ತಿ, ಕೊನೆಗೆ ಒಪ್ಪಿಗೆಯ ಸಹಿ ಹಾಕಿದರು.

ರಟ್ಟು ಹಾಕಿಸಿದ ಪ್ರಬಂಧವನ್ನು ಖಾಲಾ ಅವರಿಗೆ ತೋರಿಸಲು ಒಯ್ದೆ. ಅವರಿಗೆ ಓದು ಬಾರದು. ಕೈ ತೊಳೆದು, ಒರೆಸಿಕೊಂಡು, ಒಂದೊಂದೇ ಹಾಳೆ ಮಗುಚಿದರು. ಖಾಲಿ ಪುಟಕ್ಕೆ ಬಂದು ಕೈ ನಿಂತಿತು.

"ಇಲ್ಲ್ಯಾಕ ಏನೂ ಬರದಿಲ್ಲ?"

"ಅದು ನಿಮ್ಮ ಕೆಲಸದ ಜಾಗ ರೀ ಖಾಲಾ."

ನೇಯ್ದು ಮುಗಿದ ಜಮಖಾನದಲ್ಲಿ ಗಂಟು ಉಳಿದಿದೆಯೇ ಎಂದು ನೋಡುವ ಹಾಗೆ ಆ ಪುಟದ ಮೇಲೆ ಅಂಗೈ ಆಡಿಸಿದರು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ಮಗ್ಗದ ಮುಂದೆ ಹೋಗಿ ಕುಳಿತರು. ಸೊಸೆ ಪಕ್ಕಕ್ಕೆ ಸರಿದಳು. ನಾನು ರೂಢಿಯಂತೆ ದಾರದ ಉಂಡೆ ತೆಗೆದುಕೊಂಡು ಗೋಡೆಗೆ ಮುಖ ಮಾಡಿ ಕುಳಿತೆ.

ಪಂಜಾ ಎರಡು ಸಲ ಬಡಿದು ನಿಂತಿತು.

"ಅತ್ತಾಗ ಯಾಕ ಕುಂತೀ?" ಎಂದರು ಖಾಲಾ. "ಮಾರಿ ಈಚೆ ಮಾಡಿ ಕುಂದರು."